ಮಕ್ಕಳು ಅಳೆದ ಮಳೆ, ಎಣಿಸಿದ ಕಸ: ಫಲಿತಾಂಶ ತಲುಪಬೇಕಾದದ್ದು ಯಾರಿಗೆ?

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ನಗರದ ದಕ್ಷಿಣ ತುದಿಯ ಕೊಲಾಬಾ ಕೇಂದ್ರದಲ್ಲಿ ಬಿದ್ದದ್ದು ಸುಮಾರು 74 ಮಿಲಿಮೀಟರ್. ಲೋಕಲ್ ರೈಲಿನಲ್ಲಿ ಒಂದು ಗಂಟೆಯೊಳಗೆ ಮುಟ್ಟಬಹುದಾದ ಎರಡು ಜಾಗಗಳ ನಡುವೆ ಹನ್ನೆರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ! ಉಪನಗರಗಳು ಮುಳುಗುತ್ತಿದ್ದಾಗ ಕೋಟೆ ಭಾಗದ ಕಚೇರಿಗಳಲ್ಲಿ ಕೂತಿದ್ದ ಸಾವಿರಾರು ಜನರಿಗೆ ಅದರ ಅಂದಾಜೇ ಇರಲಿಲ್ಲ. ಎಂದಿನಂತೆ ಮನೆಗೆ ಹೊರಟು ನಡುದಾರಿಯಲ್ಲಿ ಸಿಕ್ಕಿಬಿದ್ದರು.

ಇಂಥ ಊರಿನ ಮಳೆ ತಿಳಿಯಲು ಎರಡು ಕೇಂದ್ರಗಳು ಸಾಲವು ಎಂಬುದು ಅಂದು ಎಲ್ಲರಿಗೂ ಮನದಟ್ಟಾಯಿತು. ಮುಂದೆ ಮಹಾನಗರ ಪಾಲಿಕೆ ಅಗ್ನಿಶಾಮಕ ಠಾಣೆಗಳೂ ಸೇರಿದಂತೆ ಹಲವೆಡೆ ಸ್ವಯಂಚಾಲಿತ ಮಳೆಮಾಪಕಗಳನ್ನು ಕೂರಿಸಿತು. ಆದರೆ ಅಗ್ನಿಶಾಮಕ ಠಾಣೆಗಳಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ, ಪ್ರತಿ ಬಡಾವಣೆಯಲ್ಲೂ ಇರುವುದು ಶಾಲೆಗಳು. ಅಲ್ಲಿ ಅಂಗಳವಿದೆ, ತಾರಸಿಯಿದೆ, ಕಲಿಯುವ ಉತ್ಸಾಹವಿದೆ. ಮಕ್ಕಳು ತಮ್ಮ ಸುತ್ತಲಿನ ಮಳೆ, ನೀರು, ಮರ, ಕಸಗಳನ್ನು ಅಳೆದು ಬೇರೆ ದೇಶದ ಮಕ್ಕಳ ಜೊತೆ ಹಂಚಿಕೊಳ್ಳುವ ಯೋಜನೆಗಳು ಶುರುವಾಗಿ ಮೂರು ದಶಕಗಳೇ ಕಳೆದಿವೆ. ಮುಂಬಯಿಯ ಅನೇಕ ಶಾಲೆಗಳೂ ಇಂಥ ಒಂದಲ್ಲ ಒಂದು ಯೋಜನೆಯಲ್ಲಿ ಕೈಜೋಡಿಸಿವೆ. ಅಳೆದದ್ದು ಏನಾಯಿತು, ಯಾರ ಕೈ ಸೇರಿತು, ಅದರಿಂದ ಯಾರಿಗೆ ಏನು ತಿಳಿಯಿತು ಎಂಬ ಪ್ರಶ್ನೆಗಳನ್ನು ಮಾತ್ರ ಕೇಳುವವರು ಕಡಿಮೆ.

ಯೋಜನೆಗಳು ಬಂದ ದಾರಿ

ಇವುಗಳಲ್ಲಿ ಪ್ರಮುಖವಾದದ್ದು ಗ್ಲೋಬ್. 1994ರ ಭೂದಿನದಂದು ಅಮೆರಿಕದ ಅಂದಿನ ಉಪಾಧ್ಯಕ್ಷ ಅಲ್ ಗೋರ್ ಇದನ್ನು ಘೋಷಿಸಿದರು. ಮರುವರ್ಷ ಕೆಲಸ ಆರಂಭವಾಯಿತು. ಈಗ 120ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಭಾರತ ಸೇರಿದ್ದು 2000ದಲ್ಲಿ. ವಾತಾವರಣ, ನೀರು, ಮಣ್ಣು, ಜೀವಜಾಲ ಎಂಬ ನಾಲ್ಕು ವಿಭಾಗಗಳಲ್ಲಿ ಯಾವುದನ್ನು ಹೇಗೆ, ಎಷ್ಟು ಹೊತ್ತಿಗೆ, ಯಾವ ಉಪಕರಣದಿಂದ ಅಳೆಯಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ಮಕ್ಕಳು ದಾಖಲಿಸಿದ ಅಂಕಿಗಳನ್ನು ಜಗತ್ತಿನ ಯಾರು ಬೇಕಾದರೂ ತೆರೆದು ನೋಡಬಹುದು. 2016ರಿಂದ ವಿದ್ಯಾರ್ಥಿಗಳಿಗಾಗಿ ಪ್ರತಿವರ್ಷ ಅಂತರ್ಜಾಲದಲ್ಲೇ ಅಂತರರಾಷ್ಟ್ರೀಯ ವಿಚಾರಗೋಷ್ಠಿಯೂ ನಡೆಯುತ್ತಿದೆ.

ಇನ್ನೊಂದು ಇಕೋ-ಸ್ಕೂಲ್ಸ್. ಇದೂ 1994ರಲ್ಲೇ ಯುರೋಪಿನಲ್ಲಿ ಹುಟ್ಟಿತು. ಭಾರತದಲ್ಲಿ ಇದರ ಹೊಣೆ ಹೊತ್ತಿರುವುದು 1984ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪನೆಯಾದ ಸೆಂಟರ್ ಫಾರ್ ಎನ್ವಿರಾನ್‌ಮೆಂಟ್ ಎಜುಕೇಶನ್. ಇದರಲ್ಲಿ ಶಾಲೆ ಏಳು ಹಂತಗಳನ್ನು ದಾಟಬೇಕು. ಮಾಡಿದ್ದನ್ನು ಇತರರಿಗೆ ತಿಳಿಸುವುದು ಮತ್ತು ಸುತ್ತಲಿನ ಸಮುದಾಯವನ್ನು ಜೊತೆಗೆ ಸೇರಿಸಿಕೊಳ್ಳುವುದು ಅವುಗಳಲ್ಲಿ ಒಂದು. ಅಂದರೆ ಹಂಚಿಕೆಯನ್ನು ಯೋಜನೆ ಮುಗಿದ ಮೇಲಿನ ಸಮಾರಂಭ ಎಂದಲ್ಲ, ಯೋಜನೆಯ ಅಂಗವೆಂದೇ ರೂಪಿಸಿದವರು ಬಗೆದಿದ್ದರು.

ಮುಂಬಯಿಯಿಂದಲೇ ಹೊರಗೆ ಹರಡಿದ ಪ್ರಯತ್ನವೂ ಇದೆ. 2018ರಲ್ಲಿ ಆರಂಭವಾದ ಡಾನ್ ಬಾಸ್ಕೊ ಗ್ರೀನ್ ಅಲೈಯನ್ಸ್ ಈ ನಗರವನ್ನು ನೆಲೆಯಾಗಿಸಿಕೊಂಡು ಹಲವು ದೇಶಗಳ ಡಾನ್ ಬಾಸ್ಕೊ ಸಂಸ್ಥೆಗಳ ಯುವಜನರನ್ನು ಮಾಲಿನ್ಯ, ತಾಪಮಾನ ಏರಿಕೆ ಮತ್ತು ಬಿಸಾಡುವ ಪ್ಲಾಸ್ಟಿಕ್ಕಿನ ವಿರುದ್ಧದ ಕೆಲಸದಲ್ಲಿ ಒಂದುಗೂಡಿಸಿತು. ಅದೇ ವರ್ಷ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಚೀಲಗಳೇ ಮೊದಲಾದವನ್ನು ನಿಷೇಧಿಸಿತು. ವಿಶ್ವ ಪರಿಸರ ದಿನದ ಆತಿಥ್ಯವನ್ನೂ ಆ ವರ್ಷ ಭಾರತವೇ ವಹಿಸಿತ್ತು.

ಇವೆಲ್ಲಕ್ಕೂ ಹಿಂದಿನದು ಅಮೆರಿಕದ ಹುರಾನ್ ನದಿಯ ಕಥೆ. 1980ರ ದಶಕದಲ್ಲಿ ಮಿಷಿಗನ್ ರಾಜ್ಯದ ಆನ್ ಆರ್ಬರ್ ಪಟ್ಟಣದ ಪ್ರೌಢಶಾಲಾ ಮಕ್ಕಳು, ತಮ್ಮ ಸಹಪಾಠಿಗಳು ನದಿಗಿಳಿದು ಕಾಮಾಲೆಗೆ ತುತ್ತಾದರೆಂದು ಶಂಕಿಸಿ ನೀರನ್ನು ಪರೀಕ್ಷಿಸಿದರು. ಮಲಮೂಲದ ಬ್ಯಾಕ್ಟೀರಿಯಾ ಮಿತಿಮೀರಿತ್ತು. ಅವರು ಫಲಿತಾಂಶವನ್ನು ಊರಿನ ಆಡಳಿತದ ಮುಂದಿಟ್ಟರು. ಮಳೆನೀರಿನ ಚರಂಡಿಯ ದೋಷ ಬೆಳಕಿಗೆ ಬಂತು. ಮಕ್ಕಳಿಗೆ ದಾರಿ ತೋರಿದ ಪ್ರಾಧ್ಯಾಪಕ ವಿಲಿಯಂ ಸ್ಟಾಪ್ ಮುಂದೆ ನದಿಗಳನ್ನು ಅಭ್ಯಸಿಸುವ ಶಾಲೆಗಳ ಅಂತರರಾಷ್ಟ್ರೀಯ ಜಾಲವನ್ನೇ ಕಟ್ಟಿದರು. ಆ ಜಾಲದ ಬುಡದಲ್ಲಿರುವುದು ಒಂದೇ ಒಂದು ಸಂಗತಿ: ಫಲಿತಾಂಶ ಮೊದಲು ಮುಟ್ಟಿದ್ದು ಅದನ್ನು ಸರಿಪಡಿಸಬಲ್ಲವರಿಗೆ.

ಹನ್ನೆರಡೂ ಮುಕ್ಕಾಲಿನ ಮಳೆಮಾಪಕ

ಮಳೆ ಅಳೆಯುವುದು ಸುಲಭದ ಕೆಲಸ ಎನಿಸುತ್ತದೆ. ಮುಂಬಯಿಯ ಶಾಲೆಯೊಂದರಲ್ಲಿ ಮಾಡಲು ಹೊರಟರೆ ಅದರ ಒಳಗುಟ್ಟು ತಿಳಿಯುತ್ತದೆ.

ಗ್ಲೋಬ್ ಕ್ರಮದಂತೆ ಮಳೆಯನ್ನು ಓದಬೇಕಾದದ್ದು ಸೂರ್ಯ ನೆತ್ತಿಗೆ ಬರುವ ಹೊತ್ತಿನ ಒಂದು ಗಂಟೆ ಆಚೀಚೆ. ನಮ್ಮ ಗಡಿಯಾರ ಅಲಹಾಬಾದಿನ ಬಳಿಯ ರೇಖಾಂಶಕ್ಕೆ ಹೊಂದಿಕೊಂಡಿದೆ. ಮುಂಬಯಿ ಅದಕ್ಕಿಂತ ಬಹಳ ಪಶ್ಚಿಮಕ್ಕಿದೆ. ಹಾಗಾಗಿ ಮಳೆಗಾಲದಲ್ಲಿ ಇಲ್ಲಿ ಸೂರ್ಯ ನೆತ್ತಿಗೇರುವುದು 12.30ರಿಂದ 12.45ರ ಸುಮಾರಿಗೆ. ನಗರದ ಅನೇಕ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಗಿನ ಮಕ್ಕಳು ಹೊರಬಿದ್ದು ಮಧ್ಯಾಹ್ನದವರು ಒಳಬರುವ ಗದ್ದಲದ ಹೊತ್ತೂ ಇದೇ. ಮಾಪಕ ಓದುವವರು ಯಾವ ಪಾಳಿಯವರು ಎಂದು ಮೊದಲೇ ನಿಗದಿಯಾಗಿರದಿದ್ದರೆ ಇಬ್ಬರೂ ಓದುವುದಿಲ್ಲ. ಒಬ್ಬರು ಓದಿ ನೀರು ಚೆಲ್ಲಿದ ಮೇಲೆ ಇನ್ನೊಬ್ಬರು ಬಂದು ‘ಸೊನ್ನೆ’ ಎಂದು ಬರೆಯುವುದೂ ಉಂಟು.

ಹವಾಮಾನ ಇಲಾಖೆಯ ದಿನದ ಲೆಕ್ಕ ಮುಗಿಯುವುದಾದರೋ ಬೆಳಿಗ್ಗೆ 8.30ಕ್ಕೆ. ಶಾಲೆಯ ‘ಮಂಗಳವಾರದ ಮಳೆ’ಗೂ ಇಲಾಖೆಯ ‘ಮಂಗಳವಾರದ ಮಳೆ’ಗೂ ನಾಲ್ಕು ಗಂಟೆಯ ವ್ಯತ್ಯಾಸವಿದೆ. ಮುಂಬಯಿಯಲ್ಲಿ ನಾಲ್ಕು ಗಂಟೆಯ ಮಳೆಯೆಂದರೆ ಊರು ಮುಳುಗಲು ಸಾಕು. ಇಷ್ಟನ್ನು ವರದಿಯಲ್ಲಿ ಬರೆಯದೆ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ, ಸರಿಯಾಗಿ ಅಳೆದ ಮಕ್ಕಳೇ ತಪ್ಪು ಮಾಡಿದಂತೆ ಕಾಣುತ್ತದೆ.

ಇನ್ನು ಮಾಪಕದ ಅಳತೆ. ಗ್ಲೋಬ್ ಒಪ್ಪುವ ಮಳೆಮಾಪಕ ಸುಮಾರು 280 ಮಿಲಿಮೀಟರ್ ಮಳೆಯನ್ನು ತುಂಬಿ ಹರಿಯದಂತೆ ಹಿಡಿಯಬೇಕು. ಜಗತ್ತಿನ ಬಹುಪಾಲು ಊರುಗಳಿಗೆ ಇದು ಧಾರಾಳ. 2005ರ ಆ ದಿನ ಸಾಂತಾಕ್ರೂಜ್‌ನ ಶಾಲೆಯೊಂದರಲ್ಲಿ ಇಂಥ ಮಾಪಕವಿದ್ದಿದ್ದರೆ ಮೂರು ಸಲ ತುಂಬಿ ಚೆಲ್ಲುತ್ತಿತ್ತು. ಮಳೆ ಕಡಿಮೆ ಕಾಣುವ ಯುರೋಪಿನ ಜೊತೆಗಾರ ಶಾಲೆಗೆ ಇದನ್ನು ಹೇಳುವುದೇ ದೊಡ್ಡ ಪಾಠ. ಅಲ್ಲಿನ ಮಕ್ಕಳಿಗೆ ಮುಂಗಾರು ಏನೆಂದು ಯಾವ ಚಿತ್ರಕ್ಕಿಂತಲೂ ಸ್ಪಷ್ಟವಾಗಿ ತಿಳಿಸುವುದು ತುಂಬಿ ಹರಿದ ಆ ಕೊಳವೆ.

ಬರೆಯದ ದಿನಕ್ಕೂ ಮಳೆಯಿಲ್ಲದ ದಿನಕ್ಕೂ ಇರುವ ಅಂತರವೂ ಇಷ್ಟೇ ಮುಖ್ಯ. ಭಾನುವಾರ, ಹಬ್ಬದ ರಜೆ, ಮಳೆಗಾಗಿಯೇ ಕೊಟ್ಟ ರಜೆ, ಈ ದಿನಗಳಲ್ಲಿ ಮಾಪಕ ನೋಡುವವರಿರುವುದಿಲ್ಲ. ಅತಿ ಹೆಚ್ಚು ಮಳೆ ಬಂದ ದಿನವೇ ಶಾಲೆ ಮುಚ್ಚಿರುತ್ತದೆ. ಆ ಖಾಲಿ ಜಾಗದಲ್ಲಿ ಸೊನ್ನೆ ತುಂಬಿದರೆ ಇಡೀ ತಿಂಗಳ ಲೆಕ್ಕ ಕೆಡುತ್ತದೆ. ‘ನೋಡಿಲ್ಲ’ ಎಂದು ಬರೆದರೆ ಲೆಕ್ಕ ಉಳಿಯುತ್ತದೆ. ಪ್ರಾಮಾಣಿಕವಾಗಿ ಖಾಲಿ ಬಿಟ್ಟ ಕಾಲಂ ವಿಜ್ಞಾನಿಗೆ ಅಂದವಾಗಿ ತುಂಬಿದ ಪಟ್ಟಿಗಿಂತ ಹೆಚ್ಚು ಪ್ರಯೋಜನಕಾರಿ.

ಗಣಪತಿಯ ಮುಂಚೆ, ಗಣಪತಿಯ ನಂತರ

ಸೆಪ್ಟೆಂಬರಿನ ಮೂರನೆಯ ಶನಿವಾರ ಜಗತ್ತಿನಾದ್ಯಂತ ಕಡಲತೀರ ಸ್ವಚ್ಛತೆಯ ದಿನ. 1986ರಲ್ಲಿ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಶುರುವಾದ ಈ ಕಾರ್ಯಕ್ರಮದ ವೈಶಿಷ್ಟ್ಯ ಹೆಕ್ಕುವುದರ ಜೊತೆಗೆ ಎಣಿಸುವುದು. ಎಷ್ಟು ಬಾಟಲಿ, ಎಷ್ಟು ಮುಚ್ಚಳ, ಎಷ್ಟು ತಿಂಡಿ ಪೊಟ್ಟಣ, ಎಷ್ಟು ಸಿಗರೇಟು ತುಂಡು ಎಂದು ಕಾರ್ಡಿನಲ್ಲಿ ಗೀಟು ಹಾಕುತ್ತ ಹೋಗಬೇಕು. ಭಾರತದಲ್ಲಿ ಕರಾವಳಿ ರಕ್ಷಣಾ ಪಡೆ ಇದರ ಮುಂಚೂಣಿಯಲ್ಲಿದೆ. ಮುಂಬಯಿಯ ತೀರಗಳಿಗೆ ಶಾಲಾಮಕ್ಕಳು ಗುಂಪುಗುಂಪಾಗಿ ಬರುತ್ತಾರೆ. ಹೀಗೆ ಎಣಿಸಿದ್ದರಿಂದಲೇ ಜಗತ್ತಿಗೆ ಒಂದು ಬದಲಾವಣೆ ಗೊತ್ತಾಯಿತು: ದಶಕಗಳ ಕಾಲ ಮೊದಲ ಸ್ಥಾನದಲ್ಲಿದ್ದ ಸಿಗರೇಟು ತುಂಡನ್ನು 2019ರ ಎಣಿಕೆಯಲ್ಲಿ ತಿಂಡಿ ಪೊಟ್ಟಣಗಳು ಹಿಂದೆ ಹಾಕಿದವು. ಆ ವರ್ಷ ಸಿಕ್ಕಿದ ಪೊಟ್ಟಣಗಳು 47 ಲಕ್ಷ.

ಮುಂಬಯಿಯ ಎಣಿಕೆಯನ್ನು ಮಾತ್ರ ಹಬ್ಬದ ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಂಡೇ ಓದಬೇಕು. 2023ರಲ್ಲಿ ಆ ಶನಿವಾರ ಬಿದ್ದದ್ದು ಸೆಪ್ಟೆಂಬರ್ 16ಕ್ಕೆ. ಗಣೇಶ ಚತುರ್ಥಿಗೆ ಇನ್ನೂ ಮೂರು ದಿನವಿತ್ತು. 2024ರಲ್ಲಿ ಬಿದ್ದದ್ದು 21ಕ್ಕೆ. ಅನಂತ ಚತುರ್ದಶಿಯ ವಿಸರ್ಜನೆ ಮುಗಿದು ನಾಲ್ಕು ದಿನವಾಗಿತ್ತು. ಜುಹೂ ಅಥವಾ ಗಿರ್ಗಾಂವ್ ಚೌಪಾಟಿಯಲ್ಲಿ ಈ ಎರಡು ಶನಿವಾರ ಸಿಗುವ ವಸ್ತುಗಳು ಒಂದೇ ಆಗಿರಲು ಸಾಧ್ಯವಿಲ್ಲ. ವಿಸರ್ಜನೆಯ ಮರುದಿನದ ಮರಳಲ್ಲಿ ನಿರ್ಮಾಲ್ಯ, ಥರ್ಮಾಕೋಲ್, ಪ್ಲಾಸ್ಟರಿನ ಚೂರು, ಬಣ್ಣದ ಬಟ್ಟೆ ಇರುತ್ತವೆ. ಕಾರ್ಡಿನಲ್ಲಿ ಅವುಗಳಲ್ಲಿ ಹಲವಕ್ಕೆ ಪ್ರತ್ಯೇಕ ಜಾಗವೇ ಇಲ್ಲ. ‘ಇತರೆ’ ಎಂಬ ಸಾಲಿಗೆ ಹೋಗಿ ಬೀಳುತ್ತವೆ. ಎರಡು ವರ್ಷಗಳ ಮೊತ್ತವನ್ನು ಹೋಲಿಸಿ ‘ಕಸ ಹೆಚ್ಚಿತು’ ಎಂದು ಪೋರ್ಚುಗಲ್ಲಿನ ಜೊತೆಗಾರ ಶಾಲೆ ತೀರ್ಮಾನಿಸಿದರೆ ತಪ್ಪು ಅವರದಲ್ಲ. ಅದನ್ನು ವಿವರಿಸಿ ಕಳಿಸಬೇಕಾದದ್ದು ಇಲ್ಲಿಯ ಶಾಲೆ.

ಮುಂಬಯಿಯ ಮಕ್ಕಳಿಗೆ ಮಾತ್ರ ಹೇಳಲು ಸಾಧ್ಯವಿರುವ ಇನ್ನೊಂದು ವಿಷಯವಿದೆ. ಮಳೆಗಾಲದ ದೊಡ್ಡ ಭರತದ ದಿನಗಳಲ್ಲಿ ಸಮುದ್ರ ತಾನು ನುಂಗಿದ್ದನ್ನು ದಡಕ್ಕೆ ಎಸೆಯುತ್ತದೆ. ಅದರ ಮರುದಿನ ಎಣಿಸಿದರೆ ಒಂದು ಲೆಕ್ಕ, ವಾರ ಬಿಟ್ಟು ಎಣಿಸಿದರೆ ಇನ್ನೊಂದು. ಮಿಠಿ ನದಿಯೂ ಹೀಗೆಯೇ. ವಿಹಾರ್ ಮತ್ತು ಪೊವೈ ಕೆರೆಗಳ ಹೆಚ್ಚುವರಿ ನೀರಿನಿಂದ ಹುಟ್ಟಿ ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಖಾಡಿ ಸೇರುವ ಈ ನದಿಯ ಕೆಳಭಾಗಕ್ಕೆ ಕಡಲ ನೀರು ನುಗ್ಗುತ್ತದೆ. ಭರತದ ವೇಳೆ ಬರೆಯದೆ ಕೊಟ್ಟ ಉಪ್ಪಿನಂಶದ ಅಂಕಿ ಯಾರಿಗೂ ಉಪಯೋಗವಿಲ್ಲ. ಮಿಠಿಯ ನೀರು ಬಹುಪಾಲು ಕೊಳಚೆ. ಆದ್ದರಿಂದ ಅದನ್ನು ಎತ್ತುವ ಕೆಲಸ ದೊಡ್ಡವರದು. ಮಕ್ಕಳು ಕೈಗವಸಿಲ್ಲದೆ ಮುಟ್ಟಬಾರದು.

ಮೇಲಕ್ಕೆ ಹೋದದ್ದು ಕೆಳಗಿಳಿಯಲಿಲ್ಲ

ಸಾಮಾನ್ಯವಾಗಿ ನಡೆಯುವುದು ಹೀಗೆ. ಯೋಜನೆ ಮುಗಿಯುತ್ತಲೇ ಇಂಗ್ಲಿಷಿನಲ್ಲಿ ಸ್ಲೈಡುಗಳು ಸಿದ್ಧವಾಗುತ್ತವೆ. ವಿದೇಶದ ಶಾಲೆಯೊಡನೆ ವಿಡಿಯೋ ಭೇಟಿ, ಪ್ರಮಾಣಪತ್ರ, ಶಾಲಾ ವಾರ್ಷಿಕಾಂಕದಲ್ಲಿ ಎರಡು ಪುಟ. ಅಲ್ಲಿಗೆ ಮುಗಿಯಿತು. ಅಳತೆ ನಡೆದ ನಾಲೆಯ ಪಕ್ಕದ ಚಾಳಿನವರಿಗೆ, ಎಣಿಕೆ ನಡೆದ ತೀರದಲ್ಲಿ ಬಲೆ ಒಣಗಿಸುವ ಕೋಲಿ ಸಮುದಾಯದ ಮೀನುಗಾರರಿಗೆ, ವಾರ್ಡ್ ಕಚೇರಿಯ ಎಂಜಿನಿಯರಿಗೆ, ದಿನಾ ಅದೇ ಕಸ ಗುಡಿಸುವ ಪೌರಕಾರ್ಮಿಕರಿಗೆ ಆ ಫಲಿತಾಂಶ ತಲುಪುವುದು ಅಪರೂಪ.

ಒಂದು ಕಾರಣ ಭಾಷೆ. ಮುಂಬಯಿ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗುಗಳ ಜೊತೆ ಕನ್ನಡವೂ ಇದೆ. ಇಷ್ಟು ಭಾಷೆಯ ಮಕ್ಕಳಿರುವ ಊರಿನ ಪರಿಸರ ವರದಿ ಒಂದೇ ಭಾಷೆಯಲ್ಲಿ ಹೊರಬಂದರೆ ಅದನ್ನು ಮಗು ಮನೆಯಲ್ಲಿ ಅಜ್ಜಿಗೆ ಓದಿ ಹೇಳಲಾರದು. ಹಾಗಾಗಬೇಕಿಲ್ಲ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನು ತಮ್ಮ ಭಾಷೆಯಲ್ಲೇ ಮಂಡಿಸಲು ಅವಕಾಶವಿದೆ.

ಇನ್ನೊಂದು ಕಾರಣ ನಗರದೊಳಗಿನ ಗೋಡೆ. ವಿದೇಶಿ ಜೊತೆಗಾರರು ಸುಲಭವಾಗಿ ಸಿಗುವುದು ಹೆಚ್ಚು ಶುಲ್ಕದ ಶಾಲೆಗಳಿಗೆ. ಮಾಲಿನ್ಯವನ್ನು ಹತ್ತಿರದಿಂದ ಬಲ್ಲವರು ಬೇರೆ ಮಕ್ಕಳು. 2016ರ ಜನವರಿಯಲ್ಲಿ ದೇವನಾರ್ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ಹೊಗೆ ಕವಿದಾಗ ರಜೆ ಕೊಡಬೇಕಾಗಿ ಬಂದದ್ದು ಸುತ್ತಲಿನ ಪಾಲಿಕೆ ಶಾಲೆಗಳಿಗೆ. ಗಾಳಿಯ ಬಗ್ಗೆ ಅಂತರರಾಷ್ಟ್ರೀಯ ಯೋಜನೆ ಮಾಡುವ ಯಾವ ಶಾಲೆಗೂ ಅತ್ಯುತ್ತಮ ಜೊತೆಗಾರ ದೇವನಾರ್ ಪಕ್ಕದ ಗೋವಂಡಿಯಲ್ಲೇ ಇದ್ದಾನೆ. ಅಂಕಿಅಂಶ ಕೋಪನ್‌ಹೇಗನ್‌ಗೆ ಹೋಗುವ ಮೊದಲು ಹಾರ್ಬರ್ ಲೈನಿನ ರೈಲು ಹತ್ತಬೇಕು.

ಹಂಚಿ ತೋರಿಸಿದವರು

ಕೇರಳದ ಶಾಲೆಗಳು ಇದನ್ನು ಮಾಡಿ ತೋರಿಸಿವೆ. ಮೈಸೂರು ಮೂಲದ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸೀಸನ್‌ವಾಚ್ ಯೋಜನೆಯಲ್ಲಿ ಮಕ್ಕಳು ಒಂದೊಂದು ಮರವನ್ನು ಆರಿಸಿಕೊಂಡು ಚಿಗುರು, ಹೂ, ಕಾಯಿಗಳನ್ನು ವಾರವಾರ ದಾಖಲಿಸುತ್ತಾರೆ. ಇದರ ದಾಖಲೆಗಳಲ್ಲಿ ಸಿಂಹಪಾಲು ಕೇರಳದ್ದು; ಮಾತೃಭೂಮಿ ಪತ್ರಿಕೆಯ ‘ಸೀಡ್’ ಶಾಲಾ ಕಾರ್ಯಕ್ರಮ ಅದಕ್ಕೆ ಬೆನ್ನೆಲುಬು. ವಿಷು ಹಬ್ಬಕ್ಕೆ ಅರಳಬೇಕಾದ ಕಕ್ಕೆ ಹೂ ಎಷ್ಟೋ ಮುಂಚೆಯೇ ಅರಳುತ್ತಿರುವುದು ಚರ್ಚೆಗೆ ಬಂದಾಗ ಮಕ್ಕಳ ದಾಖಲೆ ಕೈಗೆ ಸಿಕ್ಕಿತು. ಪತ್ರಿಕೆಯೇ ಜೊತೆಗಿದ್ದುದರಿಂದ ಮಕ್ಕಳ ಕೆಲಸ ಅವರ ಮನೆಮಾತಿನಲ್ಲೇ ಮನೆ ಮುಟ್ಟಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಅವರ ತಂಡ ಎರಡು ವರ್ಷಕ್ಕೊಮ್ಮೆ ನಡೆಸುತ್ತ ಬಂದ ಕೆರೆ ಸಮ್ಮೇಳನ ಇನ್ನೊಂದು ಮಾದರಿ. ಅಲ್ಲಿ ಶಾಲಾಮಕ್ಕಳು ತಮ್ಮೂರಿನ ಕೆರೆಯ ಬಗ್ಗೆ ವಿಜ್ಞಾನಿಗಳ ಎದುರಿಗೇ ಪ್ರಬಂಧ ಮಂಡಿಸುತ್ತಾರೆ. ಪ್ರಶ್ನೆ ಕೇಳುವವರು ಎದುರಿಗೆ ಕೂತಿರುತ್ತಾರೆ ಎಂಬುದೇ ಮಕ್ಕಳ ಅಳತೆಯನ್ನು ಚೊಕ್ಕಗೊಳಿಸುತ್ತದೆ.

ಮುಂಬಯಿಯಲ್ಲಿ 2017ರಲ್ಲಿ ಶುರುವಾದ ‘ಮರೀನ್ ಲೈಫ್ ಆಫ್ ಮುಂಬೈ’ ಶಾಲಾ ಯೋಜನೆಯಲ್ಲ. ಆದರೂ ಕಲಿಯಬೇಕಾದದ್ದು ಅಲ್ಲಿದೆ. ಇಳಿತದ ವೇಳೆ ಹಾಜಿ ಅಲಿ, ಜುಹೂ, ಕಾರ್ಟರ್ ರೋಡ್ ತೀರಗಳಲ್ಲಿ ಜನರನ್ನು ನಡೆಸಿಕೊಂಡು ಹೋಗಿ ಬಂಡೆಗಳ ನಡುವಿನ ಹವಳ, ಆಕ್ಟೋಪಸ್, ಬಣ್ಣದ ಕಡಲಹುಳುಗಳನ್ನು ತೋರಿಸಿ, ಪ್ರತಿಯೊಂದರ ಚಿತ್ರವನ್ನೂ ಐನ್ಯಾಚುರಲಿಸ್ಟ್ ಎಂಬ ಜಾಗತಿಕ ವೇದಿಕೆಗೆ ಸೇರಿಸುತ್ತಾರೆ. ಕಣ್ಣಾರೆ ನೋಡಿದವರು ಮೊದಲು ಊರಿನವರು, ಆಮೇಲೆ ಜಗತ್ತು.

ಉತ್ತರ ಬರುವುದೂ ಹಂಚಿಕೆಯ ಭಾಗವೇ. ಗ್ಲೋಬ್‌ನ ಮೋಡ ವೀಕ್ಷಣೆಯಲ್ಲಿ ಮಕ್ಕಳು ಕಳಿಸಿದ ದಾಖಲೆಗೂ ಅದೇ ಹೊತ್ತಿಗೆ ಆ ಜಾಗದ ಮೇಲೆ ಹಾದ ಉಪಗ್ರಹ ಕಂಡದ್ದಕ್ಕೂ ತಾಳೆ ಹಾಕಿ ನಾಸಾ ಇಮೇಲ್ ಕಳಿಸುತ್ತದೆ. ತಾನು ಬರೆದದ್ದನ್ನು ಯಾರೋ ಓದಿದರು ಎಂದು ಮಗುವಿಗೆ ಗೊತ್ತಾಗುತ್ತದೆ. ನಮ್ಮ ವಾರ್ಡ್ ಕಚೇರಿಗಳಿಂದ ಇಂಥ ಎರಡು ಸಾಲಿನ ಉತ್ತರ ಬರುವಂತಾದರೆ ಮುಂಬಯಿಯ ಪರಿಸರ ಶಿಕ್ಷಣದ ಸ್ವರೂಪವೇ ಬದಲಾಗುತ್ತದೆ.

ಆಗಬೇಕಾದದ್ದು

ದಾರಿ ಕಷ್ಟದ್ದೇನೂ ಅಲ್ಲ. ಪ್ರತಿ ಯೋಜನೆಯೂ ಕೊನೆಗೆ ಒಂದೇ ಪುಟದ ಫಲಿತಾಂಶ ಕೊಡಲಿ: ಎಲ್ಲಿ, ಯಾವಾಗ, ಯಾವ ಉಪಕರಣದಿಂದ ಅಳೆದೆವು, ಎಷ್ಟು ದಿನ ತಪ್ಪಿತು, ಆ ದಿನಗಳಲ್ಲಿ ಹಬ್ಬ, ಭರತ, ರಜೆ ಏನಿತ್ತು, ಏನು ಕಂಡಿತು, ಯಾವುದರ ಬಗ್ಗೆ ಅನುಮಾನ ಉಳಿಯಿತು, ಯಾರಿಗೆ ತಿಳಿಸಿದೆವು, ಅವರು ಏನೆಂದರು. ಇದು ಮರಾಠಿಯಲ್ಲೂ ಶಾಲೆಯ ಮಾಧ್ಯಮದಲ್ಲೂ ಇರಲಿ. ಇಂಗ್ಲಿಷ್ ಪ್ರತಿ ವಿದೇಶಕ್ಕೆ ಹೋಗಲಿ. ಮಕ್ಕಳ ಹೆಸರು, ಭಾವಚಿತ್ರ ಹೊರಹೋಗುವ ಮೊದಲು ಪಾಲಕರ ಒಪ್ಪಿಗೆ ಪಡೆಯಲಿ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ.

ಕೇಳುವವರನ್ನೂ ಹೊಸದಾಗಿ ಹುಡುಕಬೇಕಿಲ್ಲ. ಘಾಟ್‌ಕೋಪರ್‌ನ ಜೋಶಿ ಲೇನ್‌ನಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಮೊಳೆತ ಎಎಲ್‌ಎಂ ಎಂಬ ನಿವಾಸಿಗಳ ಕೂಟಗಳು ಹಲವು ಬಡಾವಣೆಗಳಲ್ಲಿ ಪಾಲಿಕೆಯೊಡನೆ ಕೂತು ಕಸ, ಚರಂಡಿಗಳ ಮಾತಾಡುತ್ತವೆ. 2022ರ ಮಾರ್ಚಿನಲ್ಲಿ ಪ್ರಕಟವಾದ ಮುಂಬಯಿ ಹವಾಮಾನ ಕ್ರಿಯಾ ಯೋಜನೆ 2050ರೊಳಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗಿಳಿಸುವ ಗುರಿ ಇಟ್ಟಿದೆ. ಅಂಥ ಯೋಜನೆ ಬಡಾವಣೆ ಮಟ್ಟದಲ್ಲಿ ನಿಲ್ಲಬೇಕಾದರೆ ಶಾಲೆಗಳ ಅಂಗಳದಿಂದ ಬರುವ ಅಂಕಿಗಳೂ ಅದಕ್ಕೆ ಬೇಕು.

ಮುಂಬಯಿ ಕನ್ನಡಿಗರಿಗೆ ಇದರಲ್ಲಿ ತಮ್ಮದೇ ಪಾಲಿದೆ. ಮಾಟುಂಗಾದ ಮೈಸೂರು ಅಸೋಸಿಯೇಶನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಸಂಸ್ಥೆಗಳಿಗೆ ಸಭಾಂಗಣಗಳಿವೆ. ‘ಮೊಗವೀರ’, ‘ಅಕ್ಷಯ’, ‘ಬಂಟರವಾಣಿ’ಯಂಥ ಪತ್ರಿಕೆಗಳಿಗೆ ಮನೆಮನೆಯ ಓದುಗರಿದ್ದಾರೆ. ವಡಾಲಾದಿಂದ ಡೊಂಬಿವಲಿಯವರೆಗೆ ಕನ್ನಡಿಗರು ಕಟ್ಟಿದ ಶಾಲೆಗಳಿವೆ. ಬರುವ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರವನ್ನು ಈ ಮಕ್ಕಳಿಗೆ ಬಿಟ್ಟುಕೊಡಿ. ಅವರು ಅಳೆದದ್ದನ್ನು ಕನ್ನಡದಲ್ಲಿ, ಮರಾಠಿಯಲ್ಲಿ ಹೇಳಲಿ. ವಾರ್ಡ್ ಅಧಿಕಾರಿಯನ್ನೂ ಪಕ್ಕದ ಬಡಾವಣೆಯ ಶಾಲೆಯನ್ನೂ ಕರೆಯಿರಿ. ಮಂಡಿಸಿದ ಪುಟಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿ. ಅದೇ ಪುಟಗಳು ಆಮೇಲೆ ವಿದೇಶದ ಜೊತೆಗಾರ ಶಾಲೆಗೂ ಹೋಗಲಿ.